ಜೀರ್ಣಯಂತ್ರೋದ್ಧಾರ: ಮಂಗಳೂರಿನ ಮನೆಗಳಲ್ಲಿ ಜಾವಾ ಎಂಜಿನು

ಕನ್ನಡನಾಡಿನ ದಾನಶಾಸನಗಳ ಪರಿಚಯವುಳ್ಳವರಿಗೆ 'ಖಂಡಸ್ಫುಟಿತಜೀರ್ಣೋದ್ಧಾರ' ಎಂಬ ಸಮಾಸವು ಹೊಸತಲ್ಲ. ದೇವಾಲಯಕ್ಕಾಗಲಿ ಬಸದಿಗಾಗಲಿ ಭೂಮಿಯನ್ನು ಧಾರೆಯೆರೆದು ಕೊಡುವಾಗ ಪೂಜೆ, ನೈವೇದ್ಯ, ಆಹಾರದಾನಗಳೊಡನೆ ಕಟ್ಟಡದ ರಕ್ಷಣೆಗೂ ಒಂದು ಭಾಗವನ್ನು ಮೀಸಲಿಡುವುದು ದಾನಿಗಳ ಪದ್ಧತಿಯಾಗಿತ್ತು. ಈ ಸಮಾಸವನ್ನು ಶಾಸನಕವಿಗಳ ಸಿದ್ಧೋಕ್ತಿಯೆಂದು ಬಗೆದು ದಾಟಿಹೋಗುವುದೇ ಓದುವವರ ರೂಢಿ. ಬಿಡಿಸಿ ನೋಡಿದರೆ ಅದರಲ್ಲಿ ಕೆಲಸಗಾರನ ಕಣ್ಣು ಕಾಣಬರುತ್ತದೆ. ಮುರಿದುದು ಖಂಡ, ಬಿರುಕುಬಿಟ್ಟುದು ಸ್ಫುಟಿತ, ಕಾಲದಿಂದ ಸವೆದುದು ಜೀರ್ಣ. ಮೂರಕ್ಕೂ ಚಿಕಿತ್ಸೆ ಒಂದೇ ಅಲ್ಲವಾದುದರಿಂದಲೇ ಮೂರನ್ನೂ ಬೇರೆಬೇರೆಯಾಗಿ ಎಣಿಸಿದ್ದಾರೆ. ಮುರಿದ ಕಂಬದ ಎಡೆಗೆ ಬೇರೊಂದು ಕಂಬ ಬೇಕು. ಬಿರಿದ ಗೋಡೆಗೆ ಬೆಸುಗೆ ಸಾಕು. ಸವೆದುದನ್ನು ಸರಿಪಡಿಸುವುದಕ್ಕೆ ಮೊದಲಿನ ಅಳತೆ ಎಷ್ಟಿತ್ತೆಂಬ ಜ್ಞಾನ ಬೇಕು.

ಈ ಮಾತು ಕಲ್ಲುಮರಗಳಿಗೆ ಮಾತ್ರ ಸಲ್ಲತಕ್ಕುದೋ, ಲೋಹದ ಯಂತ್ರಕ್ಕೂ ಸಲ್ಲುವುದೋ ಎಂಬುದು ವಿಚಾರಯೋಗ್ಯವಾದ ವಿಷಯ. ಮಂಗಳೂರು ನಗರದ ಕೆಲವು ಮನೆಗಳಲ್ಲಿ ಇಂದಿಗೂ ನಡೆದುಬರುತ್ತಿರುವ ಒಂದು ಕೆಲಸವು ಈ ವಿಚಾರಕ್ಕೆ ಒಳ್ಳೆಯ ಆಧಾರವನ್ನು ಒದಗಿಸುತ್ತದೆ. ಮೈಸೂರಿನಲ್ಲಿ ತಯಾರಾಗಿ, ಈಗ ಐವತ್ತು ಅರುವತ್ತು ವರ್ಷ ಪ್ರಾಯದವುಗಳಾದ ಜಾವಾ ಮೋಟಾರುಸೈಕಲ್ಲುಗಳ ಎಂಜಿನನ್ನು ಮನೆಯ ಹಿಂಬದಿಯ ಜಗಲಿಯಲ್ಲಿಯೋ ಕೊಟ್ಟಗೆಯಲ್ಲಿಯೋ ಬಿಚ್ಚಿ, ಪ್ರತ್ಯೇಕಿಸಿ, ಪುನಃ ಜೋಡಿಸಿ ಅದಕ್ಕೆ ಉಸಿರು ಕೊಡುವುದೇ ಆ ಕೆಲಸ. ಇದನ್ನು ಹವ್ಯಾಸವೆಂದು ಕರೆಯುವುದುಂಟು. ಅದು ಹವ್ಯಾಸವೂ ಹೌದು; ಆದರೆ ಅಷ್ಟೇ ಎಂದರೆ ಸಾಲದು.

ಯಂತ್ರಗಳ ವಿಷಯದಲ್ಲಿ ಸಂಸ್ಕೃತಶಾಸ್ತ್ರದ ಅಭಿಪ್ರಾಯವನ್ನು ಮೊದಲು ನೋಡತಕ್ಕುದು. ಧಾರಾನಗರದ ಭೋಜರಾಜನು ೧೧ನೆಯ ಶತಮಾನದಲ್ಲಿ ರಚಿಸಿದ 'ಸಮರಾಂಗಣಸೂತ್ರಧಾರ'ದ ೩೧ನೆಯ ಅಧ್ಯಾಯವು ಯಂತ್ರಗಳಿಗಾಗಿಯೇ ಮೀಸಲಾಗಿದೆ. ತಮ್ಮ ತಮ್ಮ ದಾರಿಯಲ್ಲಿ ಸ್ವೇಚ್ಛೆಯಾಗಿ ನಡೆಯುವ ಪಂಚಭೂತಗಳನ್ನು ಯಾವುದು ಕಟ್ಟುಪಡಿಸಿ ನಡೆಸುವುದೋ ಅದು ಯಂತ್ರವೆಂದು ಅವನ ಲಕ್ಷಣ. ಅದೇ ಅಧ್ಯಾಯದಲ್ಲಿ, ಯಂತ್ರಗಳ ಘಟನೆಯನ್ನು ವಿವರವಾಗಿ ಹೇಳದೆ ಬಿಟ್ಟುದು ಅಜ್ಞಾನದಿಂದಲ್ಲ, ಗುಟ್ಟನ್ನು ಕಾಪಾಡುವುದಕ್ಕಾಗಿ ಎಂದೂ ಅವನು ಹೇಳುತ್ತಾನೆ. ಯಂತ್ರಕಾರನಿಗೆ ಇರತಕ್ಕವುಗಳು ಪರಂಪರೆಯಿಂದ ಬಂದ ಕೌಶಲ, ಗುರೂಪದೇಶ, ಶಾಸ್ತ್ರಾಭ್ಯಾಸ, ಕೈಗೆಲಸದಲ್ಲಿ ಉದ್ಯಮ, ಬುದ್ಧಿ ಎಂದು ಎಣಿಸಿದ್ದಾನೆ. (ಇದೇ ಅಧ್ಯಾಯದಲ್ಲಿ ಬರುವ ಪಾದರಸದ ದಾರುವಿಮಾನವನ್ನು ಹಿಡಿದು, ನಮ್ಮ ಪೂರ್ವಿಕರಿಗೆ ಎಂಜಿನಿನ ತತ್ತ್ವವೆಲ್ಲ ತಿಳಿದಿತ್ತೆಂದು ವಾದಿಸುವವರಿದ್ದಾರೆ. ಗ್ರಂಥವನ್ನು ಗೌರವಿಸುವವರು ಆ ವಾದಕ್ಕೆ ಕೈಹಾಕದಿರುವುದು ಲೇಸು.) ಗುಟ್ಟಿನಲ್ಲಿಟ್ಟ ವಿದ್ಯೆಯು ಗುರುಶಿಷ್ಯರ ಸರಪಣಿ ಕಡಿದೊಡನೆ ಇಲ್ಲವಾಗುವುದೆಂಬುದಕ್ಕೆ ಭೋಜನ ಆ ಅಧ್ಯಾಯವೇ ಸಾಕ್ಷಿ. ಅದರಲ್ಲಿ ಹೇಳಿದ ಯಂತ್ರಗಳ ಹೆಸರುಗಳುಂಟು, ಯಂತ್ರಗಳಿಲ್ಲ.

ಮಂಗಳೂರಿಗೆ ಯಂತ್ರವಿದ್ಯೆ ಬಂದ ಬಗೆ ಬೇರೆ. ೧೮೩೪ರಲ್ಲಿ ಇಲ್ಲಿಗೆ ಬಂದ ಬಾಸೆಲ್ ಮಿಶನ್ನಿನವರು ೧೮೪೧ರಲ್ಲಿ ಕಲ್ಲಚ್ಚಿನ ಮುದ್ರಣಾಲಯವನ್ನು ಸ್ಥಾಪಿಸಿದರು. ಹೆರ್ಮನ್ ಮೋಗ್ಲಿಂಗರ 'ಮಂಗಳೂರ ಸಮಾಚಾರ'ವು ೧೮೪೩ರಲ್ಲಿ ಹೊರಬಿದ್ದುದು ಆ ಕಲ್ಲಚ್ಚಿನಿಂದಲೇ. ಮುದ್ರಣಾಲಯದ ಕೆಲಸಕ್ಕೆಂದು ಬಂದಿದ್ದ ಜಾರ್ಜ್ ಪ್ಲೆಬ್‌ಸ್ಟ್ ೧೮೬೫ರಲ್ಲಿ ನೇತ್ರಾವತಿಯ ದಡದ ಜೆಪ್ಪಿನಲ್ಲಿ ಹೆಂಚಿನ ಕಾರಖಾನೆಯನ್ನು ಆರಂಭಿಸಿದರು. ೧೮೭೪ರಲ್ಲಿ ಮಿಶನ್ನಿನ ಯಂತ್ರಕಾರ್ಯಾಗಾರವೂ ಏರ್ಪಟ್ಟಿತು. ಕಿಟ್ಟೆಲರ ಕನ್ನಡ-ಇಂಗ್ಲಿಷ್ ನಿಘಂಟು ೧೮೯೪ರಲ್ಲಿ ಮಂಗಳೂರಿನಲ್ಲಿ ಅಚ್ಚಾದುದನ್ನು ಕನ್ನಡಿಗರೆಲ್ಲರೂ ಬಲ್ಲರು. ಆ ನಿಘಂಟಿನ ಹಿಂದೆ ಕಬ್ಬಿಣವನ್ನು ಅರದಿಂದ ಉಜ್ಜಿ, ತಿರುಪನ್ನು ಬಿಗಿದು, ಅಚ್ಚಿನ ಯಂತ್ರವನ್ನು ಓಡುವ ಸ್ಥಿತಿಯಲ್ಲಿಟ್ಟವರ ಕೈಗಳೂ ಇದ್ದುವೆಂಬುದನ್ನು ಸಾಹಿತ್ಯಚರಿತ್ರಕಾರರು ಸಾಮಾನ್ಯವಾಗಿ ಹೇಳುವುದಿಲ್ಲ. ೧೯೦೭ರಲ್ಲಿ ರೈಲುದಾರಿಯು ಮಂಗಳೂರನ್ನು ಮುಟ್ಟಿತು. ೧೯೧೪ರಲ್ಲಿ ಕೆನರಾ ಪಬ್ಲಿಕ್ ಕನ್ವೇಯನ್ಸ್ ಕಂಪನಿಯು ಬಸ್ಸಿನ ವ್ಯವಹಾರಕ್ಕೆ ತೊಡಗಿತು. ಎರಡನೆಯ ಮಹಾಯುದ್ಧದಲ್ಲಿ ಪೆಟ್ರೋಲಿನ ಅಭಾವವಾದಾಗ ದಕ್ಷಿಣದೇಶದ ಬಸ್ಸುಗಳು ಇದ್ದಿಲಿನ ಅನಿಲದಿಂದ ಓಡಿದುವು. ಹೊಸ ಸಾಮಾನು ದೊರೆಯದ ಆ ದಿನಗಳಲ್ಲಿ ಹಳೆಯದನ್ನೇ ಬದುಕಿಸಿಕೊಳ್ಳುವುದು ವ್ರತವಲ್ಲ, ಅಗತ್ಯವಾಗಿತ್ತು.

ಇನ್ನು ಪ್ರಸ್ತುತ ಯಂತ್ರದ ವಂಶಾವಳಿ. ಜೆಕೊಸ್ಲೊವಾಕಿಯದ ಪ್ರಾಗ್ ನಗರದಲ್ಲಿ ಫ್ರಾಂಟಿಶೆಕ್ ಯಾನೆಚೆಕ್ ಎಂಬವರು ೧೯೨೯ರಲ್ಲಿ ಜರ್ಮನಿಯ ವಾಂಡರರ್ ಸಂಸ್ಥೆಯಿಂದ ಮೋಟಾರುಸೈಕಲ್ಲಿನ ನಿರ್ಮಾಣಾಧಿಕಾರವನ್ನು ಕೊಂಡರು. ಎರಡು ಹೆಸರುಗಳ ಮೊದಲಕ್ಷರಗಳು ಕೂಡಿ 'ಜಾವಾ' ಆಯಿತು. ಜಾವಾ ದ್ವೀಪಕ್ಕೂ ಇದಕ್ಕೂ ಸಂಬಂಧವಿಲ್ಲ. ಮೈಸೂರಿನಲ್ಲಿ ರುಸ್ತುಂ ಇರಾನಿ, ಫಾರೂಖ್ ಇರಾನಿಯವರ ಐಡಿಯಲ್ ಜಾವಾ ಕಾರಖಾನೆಯು ೧೯೬೧ರಲ್ಲಿ ಉತ್ಪಾದನೆಗೆ ತೊಡಗಿತು. ೧೯೭೩ರಿಂದ ಗಾಡಿಗಳಿಗೆ 'ಯೆಜ್ಡಿ' ಎಂಬ ಹೆಸರು ಬಂತು. ಪಾರಸೀಕದೇಶದ ಯಜ್ದ್ ನಗರದ ಹೆಸರಿನಿಂದ ಇದು ಬಂದುದೆಂದು ಕೆಲವರೂ, ಜೆಕ್ ಭಾಷೆಯಲ್ಲಿ 'ಓಡುತ್ತದೆ' ಎಂಬರ್ಥದ ಶಬ್ದವೆಂದು ಮತ್ತೆ ಕೆಲವರೂ ಹೇಳುತ್ತಾರೆ. ಇರಾನಿ ಎಂಬ ಮನೆತನದ ಹೆಸರನ್ನು ನೋಡಿದರೆ ಮೊದಲನೆಯ ಪಕ್ಷವೇ ಸಮಂಜಸವೆಂದು ತೋರುತ್ತದೆ. ೧೯೮೦ರ ದಶಕದಲ್ಲಿ ಅಲ್ಪವ್ಯಯದ ಜಪಾನೀ ಮಾದರಿಯ ಗಾಡಿಗಳು ಬಂದುವು. ಹೊಗೆಯ ನಿಯಮಗಳು ಬಿಗಿಯಾದುವು. ೧೯೯೬ರಲ್ಲಿ ಮೈಸೂರಿನ ಕಾರಖಾನೆ ಮುಚ್ಚಿತು. ೨೦೧೮ರಲ್ಲಿ ಬೇರೆ ಸಂಸ್ಥೆಯೊಂದು ಜಾವಾ ಹೆಸರಿನಲ್ಲಿ ಗಾಡಿಗಳನ್ನು ಪುನಃ ಹೊರತಂದಿತಾದರೂ ಅವುಗಳ ಎಂಜಿನು ನಾಲ್ಕು ಹೊಡೆತದ್ದು, ನೀರಿನಿಂದ ತಣಿಯುವಂತಹದು. ಹಳೆಯದಕ್ಕೆ ಅದರ ಒಂದು ತಿರುಪೂ ಉಪಯೋಗಕ್ಕೆ ಬರುವಂತಿಲ್ಲ. ಹೆಸರು ಪುನರ್ಜನ್ಮ ತಾಳಿತು, ದೇಹವಲ್ಲ.

ಹಳೆಯ ಜಾವಾ ಎಂಜಿನು ಎರಡು ಹೊಡೆತದ, ಒಂದೇ ಸಿಲಿಂಡರಿನ ಯಂತ್ರ. ಹೊಗೆಯ ಕೊಳವೆಗಳು ಎಡಬಲಗಳಲ್ಲಿ ಎರಡಿರುವುದರಿಂದ ಸಿಲಿಂಡರುಗಳೂ ಎರಡೆಂದು ಭ್ರಮಿಸುವವರು ಬಹುಮಂದಿ. ಸಿಲಿಂಡರಿನ ಒಳವ್ಯಾಸ ೬೫ ಮಿಲಿಮೀಟರು, ಪಿಸ್ಟನ್ನು ಏರಿಳಿಯುವ ದೂರ ೭೫ ಮಿಲಿಮೀಟರು. ಆದುದರಿಂದ ಗಾತ್ರ ೨೪೯ ಘನ ಸೆಂಟಿಮೀಟರು. ಇದರಲ್ಲಿ ಕವಾಟಗಳಿಲ್ಲ. ಸಿಲಿಂಡರಿನ ಗೋಡೆಯಲ್ಲಿ ಕಿಂಡಿಗಳುಂಟು. ಪಿಸ್ಟನ್ನೇ ಏರಿಳಿಯುತ್ತ ಅವುಗಳನ್ನು ಮುಚ್ಚಿ ತೆರೆಯುತ್ತದೆ. ಅದು ಮೇಲೇರುವಾಗ ಕೆಳಗಿನ ಕ್ರ್ಯಾಂಕುಕೋಶಕ್ಕೆ ಪೆಟ್ರೋಲುಮಿಶ್ರವಾದ ಗಾಳಿ ಸೆಳೆಯಲ್ಪಡುತ್ತದೆ. ಇಳಿಯುವಾಗ ಆ ಗಾಳಿ ಒತ್ತಲ್ಪಟ್ಟು ಪಕ್ಕದ ದಾರಿಗಳಿಂದ ಮೇಲಕ್ಕೆ ನುಗ್ಗಿ, ಉರಿದ ಹೊಗೆಯನ್ನು ಹೊರದೂಡುತ್ತದೆ. ಹೀಗೆ ಪಿಸ್ಟನ್ನಿನ ಕೆಳಗಣ ಕೋಶವೂ ಒಂದು ಪಂಪಿನ ಕೆಲಸವನ್ನು ಮಾಡಬೇಕಾದುದರಿಂದ ಅದರಲ್ಲಿ ಕೂದಲೆಳೆಯಷ್ಟು ಸೋರಿಕೆ ಇದ್ದರೂ ಎಂಜಿನು ಸರಿಯಾಗಿ ನಡೆಯದು. ಎಣ್ಣೆಯನ್ನು ಪೆಟ್ರೋಲಿನಲ್ಲಿಯೇ ಬೆರೆಸುತ್ತಾರೆ, ಹಳೆಯ ಕ್ರಮದಲ್ಲಿ ಸುಮಾರು ೨೫ ಭಾಗಕ್ಕೆ ಒಂದು ಭಾಗ. ಬೆಂಕಿ, ಗಾಳಿ, ದ್ರವ, ಲೋಹ: ಭೋಜನ ಲಕ್ಷಣವು ಇಷ್ಟು ಸರಳವಾದ ಯಂತ್ರಕ್ಕೆ ಹೊಂದುವಂತೆ ಬೇರೊಂದಕ್ಕೆ ಹೊಂದಲಾರದು.

ಮಂಗಳೂರಿನಲ್ಲಿ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುತ್ತದೆ, ಕಡಲಗಾಳಿಯಲ್ಲಿ ಉಪ್ಪಿರುತ್ತದೆ. ಓಡಿಸದೆ ನಿಲ್ಲಿಸಿದ ಗಾಡಿಗೆ ನಾಲ್ಕು ಮಳೆಗಾಲಗಳು ಸಾಕು. ಪಿಸ್ಟನ್ನಿನ ಬಳೆಗಳು, ಎಂದರೆ ರಿಂಗುಗಳು, ಬೀಡುಕಬ್ಬಿಣದ ಸಿಲಿಂಡರಿಗೆ ತುಕ್ಕಿನಿಂದ ಕಚ್ಚಿಕೊಳ್ಳುತ್ತವೆ. ಇದಕ್ಕೆ 'ಜಾಮಾಗುವುದು' ಎಂದು ವ್ಯವಹಾರ. ಇಂತಹ ಎಂಜಿನನ್ನು ಬಲಾತ್ಕಾರದಿಂದ ತಿರುಗಿಸುವುದು ಅವಿವೇಕ. ಮೇಲಿನ ತಲೆಯನ್ನು ಬಿಚ್ಚಿ, ಸಿಲಿಂಡರಿನಲ್ಲಿ ಡೀಸೆಲನ್ನೋ ಸೀಮೆಎಣ್ಣೆಯನ್ನೋ ತುಂಬಿ, ಕೆಲವು ದಿನ ಹಾಗೆಯೇ ಬಿಟ್ಟು, ಆಮೇಲೆ ಮರದ ತುಂಡನ್ನಿಟ್ಟು ಮೆಲ್ಲನೆ ತಟ್ಟುವುದು ಬಲ್ಲವರ ಕ್ರಮ. ಅವಸರಪಟ್ಟವರು ಪಿಸ್ಟನ್ನನ್ನು ಒಡೆದಿದ್ದಾರೆ; ಜೀರ್ಣವಾಗಿದ್ದುದು ಖಂಡವಾಗುವುದು ಹೀಗೆಯೇ.

ಬಿಚ್ಚುವುದರಲ್ಲಿ ಒಂದು ಅನುಕ್ರಮ ಉಂಟು. ಎಡಗಡೆಯ ಮುಚ್ಚಳದ ಒಳಗೆ ಕ್ಲಚ್ಚೂ ಸರಪಣಿಯೂ, ಬಲಗಡೆ ಆರು ವೋಲ್ಟಿನ ಡೈನಮೊವೂ ಕಿಡಿ ಹುಟ್ಟಿಸುವ ಪಾಯಿಂಟುಗಳೂ ಇರುತ್ತವೆ. ಇವು ಬಂದ ಮೇಲೆಯೇ ಕ್ರ್ಯಾಂಕುಕೋಶದ ಎರಡು ಹೋಳುಗಳನ್ನು ಬೇರ್ಪಡಿಸಬಹುದು. ಗಿಯರುಗಳೂ ಅದೇ ಕೋಶದ ಹಿಂಭಾಗದಲ್ಲಿವೆ. ಕಾಲಿಂದ ಒದೆದು ಎಂಜಿನನ್ನು ಎಬ್ಬಿಸುವುದಕ್ಕೂ ಗಿಯರು ಬದಲಿಸುವುದಕ್ಕೂ ಜಾವಾದಲ್ಲಿ ಒಂದೇ ಸನ್ನೆಗೋಲು. ಅದರ ಒಳಗಿನ ಜೋಡಣೆಯನ್ನು ನೆನಪಿಡದೆ ಬಿಚ್ಚಿದವನು ಮುಂದೆ ಪರಿತಪಿಸುತ್ತಾನೆ. ಹಳೆಯ ವೃತ್ತಪತ್ರಿಕೆಯನ್ನು ಹಾಸಿ, ಬಿಚ್ಚಿದ ಕ್ರಮದಲ್ಲಿಯೇ ಭಾಗಗಳನ್ನು ಸಾಲಾಗಿ ಇರಿಸುವುದು ಹಿಂದಿನಿಂದ ಬಂದ ರೀತಿ. ವೇದಪಾಠದಲ್ಲಿ ಪದಪಾಠವಿಲ್ಲದೆ ಸಂಹಿತೆಯನ್ನು ಕಾಪಾಡಲಾಗದೆಂದು ಹೇಳುವರಷ್ಟೆ, ಇಲ್ಲಿಯೂ ಹಾಗೆಯೇ. ಈಗ ಕೈಫೋನಿನಿಂದ ಹೆಜ್ಜೆಹೆಜ್ಜೆಗೆ ಚಿತ್ರ ತೆಗೆದುಕೊಳ್ಳುವವರೂ ವೃತ್ತಪತ್ರಿಕೆಯ ಸಾಲನ್ನು ಬಿಟ್ಟಿಲ್ಲ.

ಕೋಶವು ಅಲ್ಯೂಮಿನಿಯಮಿನದು, ಅದರಲ್ಲಿ ಕೂತ ಬೇರಿಂಗು ಉಕ್ಕಿನದು. ಬಿಸಿಮಾಡಿದರೆ ಉಕ್ಕಿಗಿಂತ ಅಲ್ಯೂಮಿನಿಯಮು ಹೆಚ್ಚು ಹಿಗ್ಗುವುದರಿಂದ, ಮೇಲೆ ಚಿಮುಕಿಸಿದ ನೀರು 'ಚುಂಯ್' ಎನ್ನುವಷ್ಟು ಕೋಶವನ್ನು ಕಾಯಿಸಿದರೆ ಬೇರಿಂಗು ತಾನಾಗಿ ಉದುರುತ್ತದೆ. ಸುತ್ತಿಗೆಯಿಂದ ಹೊಡೆದು ತೆಗೆದವರ ಕೋಶದಲ್ಲಿ ಆ ಮೇಲೆ ಬೇರಿಂಗು ಬಿಗಿಯಾಗಿ ಕೂರುವುದಿಲ್ಲ. ಮನೆಯಲ್ಲಿ ಈ ಕೆಲಸಕ್ಕೆ ಅಡುಗೆಮನೆಯ ಒಲೆಯೇ ಗತಿಯಾದುದರಿಂದ ಗೃಹಿಣಿಯ ಅನುಮತಿಯೂ ಶಿಲ್ಪಸಾಮಗ್ರಿಯೊಳಗೆ ಸೇರುತ್ತದೆ.

ಎಲ್ಲವೂ ಮನೆಯಲ್ಲಿ ಆಗತಕ್ಕ ಕೆಲಸವಲ್ಲವೆಂಬುದನ್ನೂ ಹೇಳಬೇಕು. ಕನೆಕ್ಟಿಂಗ್ ರಾಡಿನ ಕೆಳಗಣ ಬೇರಿಂಗು ಸವೆದಿದ್ದರೆ ಕ್ರ್ಯಾಂಕಿನ ಚಕ್ರಗಳನ್ನು ಒತ್ತುಯಂತ್ರದಿಂದ ಬಿಡಿಸಿ, ಹೊಸ ಪಿನ್ನನ್ನು ತೊಡಿಸಿ, ಪುನಃ ಒತ್ತಿ, ಮಿಲಿಮೀಟರಿನ ನೂರರಲ್ಲಿ ಕೆಲವೇ ಭಾಗದಷ್ಟು ಓರೆಯೂ ಇಲ್ಲದಂತೆ ನೇರಮಾಡಬೇಕು. ಸಿಲಿಂಡರು ಸವೆದಿದ್ದರೆ ಬೋರು ಹೊಡೆಸಬೇಕು. ಇವಕ್ಕೆ ಲೇತಿನ ಅಂಗಡಿಯನ್ನೇ ಆಶ್ರಯಿಸಬೇಕು. ಕರಾವಳಿಯಲ್ಲಿ ಮೀನುಗಾರಿಕೆಯ ಬೋಟುಗಳ ಎಂಜಿನುಗಳಿಗೆ ದುರಸ್ತಿ ಎಂದೂ ತಪ್ಪುವುದಿಲ್ಲವಾದುದರಿಂದ ಇಂತಹ ಅಂಗಡಿಗಳಿಗೆ ಕೆಲಸವೂ ತಪ್ಪಿಲ್ಲ.

ಬೋರು ಹೊಡೆಸುವುದರಲ್ಲಿಯೇ ಜೀರ್ಣೋದ್ಧಾರದ ಮುಖ್ಯಪ್ರಶ್ನೆ ಅಡಗಿದೆ. ಸವೆದ ಸಿಲಿಂಡರು ಮೊದಲಿನ ಅಳತೆಗೆ ಹಿಂದಿರುಗುವುದಿಲ್ಲ. ಅದನ್ನು ಇನ್ನಷ್ಟು ಕೊರೆದು ದುಂಡಗೆ ಮಾಡಿ, ಕಾಲು ಮಿಲಿಮೀಟರು ದೊಡ್ಡದಾದ ಪಿಸ್ಟನ್ನನ್ನು ಹಾಕುತ್ತಾರೆ. ಮುಂದಿನ ಸಲ ಅರ್ಧ ಮಿಲಿಮೀಟರು, ಮತ್ತೆ ಮುಕ್ಕಾಲು, ಕೊನೆಗೆ ಒಂದು. ಆಗ ಒಳವ್ಯಾಸ ೬೬ ಮಿಲಿಮೀಟರಾಗಿ ಗಾತ್ರವು ೨೫೭ ಘನ ಸೆಂಟಿಮೀಟರಿನ ಹತ್ತಿರ ಬರುತ್ತದೆ. ಅಲ್ಲಿಂದ ಮುಂದೆ ಹಳೆಯ ಗೋಡೆಯನ್ನೇ ತೆಗೆದು ಹೊಸ ತೋಳನ್ನು ತೊಡಿಸಿ ೬೫ಕ್ಕೆ ಮರಳಬೇಕು. ಹಾಗಾದರೆ ಒಂದು ಎಂಜಿನಿಗೆ ಉದ್ಧಾರಗಳ ಸಂಖ್ಯೆ ಮಿತವಾದುದು. ಪ್ರತಿಯೊಂದು ಉದ್ಧಾರವೂ ಮೂಲದ ಲೋಹವನ್ನು ಒಂದಿಷ್ಟು ಕಬಳಿಸುತ್ತದೆ. ವಾಸ್ತುಗ್ರಂಥವಾದ 'ಮಯಮತ'ದಲ್ಲಿ ಅನುಕರ್ಮವೆಂಬ ಹೆಸರಿನಿಂದ ಜೀರ್ಣೋದ್ಧಾರದ ವಿಧಿಯನ್ನು ಹೇಳಿದೆ. ಅಂಗೋಪಾಂಗಗಳ ಲಕ್ಷಣವು ಇನ್ನೂ ಕಾಣುತ್ತಿರುವ ಕಟ್ಟಡವನ್ನು ಅದರದೇ ದ್ರವ್ಯದಿಂದ, ಮೊದಲಿದ್ದ ಎತ್ತರ ಅಗಲಗಳಿಂದ, ಇದ್ದುದಕ್ಕೆ ಏನನ್ನೂ ಹೆಚ್ಚು ಸೇರಿಸದೆ ಸರಿಪಡಿಸಬೇಕೆಂಬುದು ಅಲ್ಲಿನ ತಾತ್ಪರ್ಯ. ಈ ವಿಧಿಯನ್ನು ಅಕ್ಷರಶಃ ಹಿಡಿದರೆ ಕಾಲು ಮಿಲಿಮೀಟರಿನ ಬೋರೂ ಅಪಚಾರವಾದೀತು. ಆದರೆ ಕಾರಖಾನೆಯೇ ಹೆಚ್ಚಿನ ಅಳತೆಯ ಪಿಸ್ಟನ್ನುಗಳನ್ನು ಮಾಡಿ ಮಾರುತ್ತಿದ್ದುದರಿಂದ ಸವೆಯುವುದೂ ಕೊರೆಯುವುದೂ ಯಂತ್ರದ ಮೂಲಸಂಕಲ್ಪದೊಳಗೇ ಸೇರಿದ್ದುವೆನ್ನಬೇಕು. ಇದಕ್ಕೆ ಪ್ರತಿಯಾಗಿ, ವೇಗದ ಆಸೆಯಿಂದ ಕಿಂಡಿಗಳನ್ನು ಅಗಲಿಸುವುದು ಮೂಲಸಂಕಲ್ಪಕ್ಕೆ ಹೊರತಾದುದು. ಎರಡೂ ಲೋಹವನ್ನು ಕೊರೆಯುವ ಕೆಲಸಗಳೇ. ಮೊದಲನೆಯದು ಉದ್ಧಾರ, ಎರಡನೆಯದು ವಿಕಾರ.

ಪುನರ್ಜೋಡಣೆಯ ಸೂಕ್ಷ್ಮಗಳು ಗುರುಮುಖದಿಂದಲೇ ಬರತಕ್ಕವು. ಪಿಸ್ಟನ್ನಿನ ಪಿನ್ನಿಗೆ ಹಾಕುವ ಸಣ್ಣ ಕೊಂಡಿಯನ್ನು ತೊಡಿಸುವಾಗ ಕೋಶದ ಬಾಯಿಗೆ ಬಟ್ಟೆಯನ್ನು ತುರುಕಬೇಕು. ಇಲ್ಲವಾದರೆ ಕೊಂಡಿ ಹಾರಿ ಒಳಗೆ ಬಿದ್ದು ಕೋಶವನ್ನು ಮತ್ತೆ ಬಿಚ್ಚಬೇಕಾಗುತ್ತದೆ. ರಿಂಗಿನ ತುದಿಗಳು ಪಿಸ್ಟನ್ನಿನ ತೋಡಿನಲ್ಲಿರುವ ಮೊಳೆಗೆ ಸರಿಯಾಗಿ ಕೂರಬೇಕು. ಇಲ್ಲದಿದ್ದರೆ ಅವು ತಿರುಗಿ ಸಿಲಿಂಡರಿನ ಕಿಂಡಿಗೆ ಸಿಕ್ಕಿ ಮುರಿಯುತ್ತವೆ. ತಲೆಯ ನಟ್ಟುಗಳನ್ನು ಒಂದೇ ಸಲ ಬಿಗಿಯದೆ, ಎದುರುಬದುರಾಗಿ ಸ್ವಲ್ಪಸ್ವಲ್ಪವೇ ಬಿಗಿಯಬೇಕು. ಅಂಗಡಿಯಲ್ಲಿ ದೊರೆಯದ ಗ್ಯಾಸ್ಕೆಟ್ಟನ್ನು ಕಾಗದದ ಹಾಳೆಯಿಂದ ಮನೆಯಲ್ಲಿಯೇ ಕತ್ತರಿಸಿಕೊಳ್ಳುವುದುಂಟು. ಆದರೆ ಹಾಳೆಯ ದಪ್ಪವು ಮೊದಲಿನದರಷ್ಟೇ ಇರಬೇಕೆಂಬುದನ್ನು ಎಲ್ಲರೂ ಗಮನಿಸುವುದಿಲ್ಲ. ಕಾರಖಾನೆಯ ಕೈಪಿಡಿಯಲ್ಲಿ ಅಳತೆಗಳೆಲ್ಲ ಇವೆ. ಭೋಜನಂತೆ ಜಾವಾದವರು ಗುಟ್ಟನ್ನು ಕಾಪಾಡಲಿಲ್ಲ. ಆದರೆ ಬಿಗಿತ ಎಷ್ಟಾದಾಗ ಕೈ ನಿಲ್ಲಬೇಕು, ಒಳಗಿನ ಯಾವ ಸದ್ದು ಸಹಜ, ಯಾವುದು ರೋಗದ ಸೂಚನೆ ಎಂಬುದನ್ನು ಪುಸ್ತಕ ಕಲಿಸಲಾರದು. ಮೈಸೂರಿನ ಕಾರಖಾನೆ ನಡೆಯುತ್ತಿದ್ದಾಗ ಈ ಗಾಡಿಗಳಲ್ಲಿ ಕೈಪಳಗಿದ ಮೆಕ್ಯಾನಿಕರು ಈಗ ವೃದ್ಧರು. ಅವರ ಬಳಿ ಕುಳಿತು ಕಲಿತವರು ಕೆಲವರಾದರೂ ಇರುವುದರಿಂದಲೇ ಮನೆಗಳಲ್ಲಿ ಈ ಕೆಲಸ ಸಾಧ್ಯವಾಗಿದೆ.

ಈ ವಿದ್ಯೆಯ ಭಾಷೆಯೂ ವಿದ್ವಾಂಸರ ಅವಧಾನಕ್ಕೆ ಯೋಗ್ಯವಾದುದು. ಮಂಗಳೂರಿನಲ್ಲಿ ಕೆಲಸದ ಮಾತು ಹೆಚ್ಚಾಗಿ ತುಳು, ಕೊಂಕಣಿ, ಬ್ಯಾರಿ ಭಾಷೆಗಳಲ್ಲಿ ನಡೆಯುತ್ತದೆ. ಉಪಕರಣಗಳ ಹೆಸರುಗಳು ಮಾತ್ರ ಎಲ್ಲರಿಗೂ ಸಮಾನ. ಬೀಗದಕೈಗೆ 'ಚಾವಿ' ಎನ್ನುವುದು ಪೋರ್ತುಗೀಸರಿಂದ ಬಂದ ಶಬ್ದ. ನಟ್ಟು ಬಿಗಿಯುವ 'ಪಾನಾ' ಉತ್ತರದೇಶದಿಂದ ಬಂತು. ಹಳೆಯ ಸಾಮಾನಿನ ಅಂಗಡಿಗೆ 'ಗುಜರಿ' ಎಂಬ ಹೆಸರು, ದಾರಿಬದಿಯ ಸಂಜೆಯ ಸಂತೆಯೆಂಬರ್ಥದ ಹಿಂದೂಸ್ಥಾನೀ ಶಬ್ದದಿಂದ ಬಂದಂತೆ ತೋರುತ್ತದೆ. 'ಅರ', 'ತಿರುಪು', 'ಇಕ್ಕುಳ' ಇವು ಅಚ್ಚಗನ್ನಡ. ಪಿಸ್ಟನ್ನಿಗೆ ಕನ್ನಡದ ಪಠ್ಯಪುಸ್ತಕಗಳಲ್ಲಿ 'ಕೊಂತ' ಎಂದೂ 'ಆಡುಬೆಣೆ' ಎಂದೂ ಬಳಸಿದ್ದಾರೆ. 'ಆಡುಬೆಣೆ' ಸೊಗಸಾದ ಶಬ್ದ. ಬೆಣೆಯೂ ಹೌದು, ಆಡುವುದೂ ಹೌದು. ಆದರೆ ಅದನ್ನು ಕೈಯಲ್ಲಿ ಹಿಡಿದವರು 'ಪಿಸ್ಟನ್ನು' ಎಂದೇ ಹೇಳುತ್ತಾರೆ. ಪರಿಭಾಷೆಯನ್ನು ನಿರ್ಮಿಸುವವರು ಯಂತ್ರವನ್ನು ಬಿಚ್ಚಿದವರೊಡನೆ ಒಂದು ದಿನವಾದರೂ ಕುಳಿತಿದ್ದರೆ 'ಆಡುಬೆಣೆ'ಗೂ ಬಾಳುವೆ ಇರುತ್ತಿತ್ತು.

ಕೊನೆಯದಾಗಿ ರಾಜಶಾಸನದ ವಿಷಯ. ೨೦೨೧ನೆಯ ಜುಲೈ ತಿಂಗಳಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ಸೇರಿಸಿದ ತಿದ್ದುಪಡಿಯ ಪ್ರಕಾರ, ಮೊದಲ ನೋಂದಣಿಯಿಂದ ಐವತ್ತು ವರ್ಷ ಕಳೆದ ವಾಹನವನ್ನು 'ವಿಂಟೇಜ್' ಎಂದು ಬೇರೆಯಾಗಿ ನೋಂದಾಯಿಸಬಹುದು. ಅದರ ಸಂಖ್ಯೆಯಲ್ಲಿ 'ವಿಎ' ಎಂಬ ಅಕ್ಷರಗಳಿರುತ್ತವೆ. ಆದರೆ ವಾಹನವು ಮೂಲರೂಪದಲ್ಲಿರಬೇಕು. ಚೌಕಟ್ಟು, ಮೈಕಟ್ಟು, ಎಂಜಿನುಗಳಲ್ಲಿ ಮಾರ್ಪಾಟಿನಂತಹ ಗಣನೀಯ ಬದಲಾವಣೆ ಆಗಿರಬಾರದು. ಮಯಮತದ ವಿಧಿಗೂ ಈ ನಿಯಮಕ್ಕೂ ಇರುವ ಸಾಮ್ಯವು ಆಶ್ಚರ್ಯಕರವಾದುದು. ಮಾರ್ಪಾಟು ಎಲ್ಲಿ ಮುಗಿಯುತ್ತದೆ, ದುರಸ್ತಿ ಎಲ್ಲಿ ಆರಂಭವಾಗುತ್ತದೆ ಎಂಬ ಶಂಕೆಯೂ ಎರಡರಲ್ಲಿ ಸಮಾನವೇ. ಹೊಸ ರಿಂಗು, ಹೊಸ ಬೇರಿಂಗುಗಳಿಂದ ಎಂಜಿನಿನ ಮೂಲತ್ವಕ್ಕೆ ಕುಂದೆಂದು ಯಾರೂ ಹೇಳಲಾರರು. ಕ್ರ್ಯಾಂಕುಕೋಶದ ವಿಷಯ ಹಾಗಲ್ಲ. ಎಂಜಿನಿನ ಸಂಖ್ಯೆಯನ್ನು ಅದರ ಮೇಲೆಯೇ ಕೊರೆದಿರುತ್ತಾರೆ; ನೋಂದಣಿಪತ್ರದಲ್ಲಿ ಬರೆದುದೂ ಆ ಸಂಖ್ಯೆಯೇ. ಕೋಶದ ಎರಡು ಹೋಳುಗಳನ್ನು ಕಾರಖಾನೆಯಲ್ಲಿ ಒಟ್ಟಿಗೆ ಜೋಡಿಸಿ ಕೊರೆದಿರುವುದರಿಂದ ಒಂದರ ಜೋಡಿಗೆ ಬೇರೊಂದು ಎಂಜಿನಿನ ಹೋಳನ್ನು ತಂದರೆ ಬೇರಿಂಗುಗಳ ನೇರ ತಪ್ಪುತ್ತದೆ. ಆದುದರಿಂದ ಸರಪಣಿ ಕಡಿದು ಬಡಿದೋ ಗಾಡಿ ಉರುಳಿಯೋ ಕೋಶವು ಬಿರಿದಾಗ, ಗುಜರಿಯಲ್ಲಿ ಬಿರುಕಿಲ್ಲದ ಬೇರೆ ಕೋಶ ಅಗ್ಗಕ್ಕೆ ದೊರೆಯುವಂತಿದ್ದರೂ, ತಿಳಿದವರು ಹಳೆಯದನ್ನೇ ಆರಿಸುತ್ತಾರೆ. ಬಿರುಕಿನ ಎರಡು ತುದಿಗಳಲ್ಲಿ ಸಣ್ಣ ತೂತುಗಳನ್ನು ಕೊರೆದು ಅದು ಮುಂದೆ ಹರಿಯದಂತೆ ತಡೆದು, ಎಣ್ಣೆಯ ಅಂಶವೆಲ್ಲ ಹೋಗುವಂತೆ ತೊಳೆದು ಕಾಯಿಸಿ, ಆರ್ಗಾನ್ ಬೆಸುಗೆ ಹಾಕಿಸಿ, ಉಬ್ಬಿದುದನ್ನು ಅರದಿಂದ ಉಜ್ಜುತ್ತಾರೆ. ಸಂಖ್ಯೆಯಿರುವ ಎಡೆಗೆ ಮಾತ್ರ ಅರವನ್ನು ತಾಗಿಸುವುದಿಲ್ಲ.